ಇಲ್ಲದ ಗುಂಡಿ

ಚಕ್ರ ಇನ್ನೂ ತಿರುಗುತ್ತಲೇ ಇದೆ, ಸೈಕಲ್ ಅಂಗಡಿಯವನು ಬೆರಳಿನಿಂದ ಒಂದು ಸಲ ತಟ್ಟಿ ಬಿಟ್ಟದ್ದು, ಟಿಕ್ ಟಿಕ್ ಟಿಕ್ ಎಂದು ಸಣ್ಣಗೆ ಸದ್ದು ಮಾಡುತ್ತಾ, ಕಡ್ಡಿಗಳೆಲ್ಲ ಕರಗಿ ಒಂದೇ ಬೂದು ಬಿಲ್ಲೆಯಾಗಿ — ಎಷ್ಟು ಹೊತ್ತು ತಿರುಗುತ್ತೆ ನೋಡಿ ಮೇಡಂ, ಬೇರಿಂಗ್ ಅಂದ್ರೆ ಇದು, ಎನ್ನುತ್ತಾನೆ ಅವನು, ನಾನು ಚಕ್ರ ನೋಡುತ್ತಿಲ್ಲ, ತಮ್ಮನನ್ನು ನೋಡುತ್ತಿದ್ದೇನೆ, ತಮ್ಮ ಚಕ್ರವನ್ನು ನೋಡುತ್ತಿದ್ದಾನೆ, ಬಾಯಿ ಸ್ವಲ್ಪ ತೆರೆದಿದೆ, ಐವತ್ತರ ಹೊಸ್ತಿಲಿಗೆ ಬಂದ ಕತ್ತೆ, ಚಿಕ್ಕಂದಿನಲ್ಲಿ ಮಿಠಾಯಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದನಲ್ಲ, ಅದೇ ಮುಖ, ಮೀಸೆ ಬಂದಿದೆ ಅಷ್ಟೆ, ಅದೂ ನರೆತಿದೆ — ಎಡಗೈ ಪ್ಯಾಂಟಿನ ಜೇಬಿನಲ್ಲಿದೆ. ಜೇಬಿನಲ್ಲೇ ಇರಲಿ. ತೆಗೆಯಬೇಡ ಕಣೋ, ನಾನು ನೋಡಬಾರದು, ನೋಡಿದರೆ ನನ್ನ ಮುಖ ಎಲ್ಲವನ್ನೂ ಒದರಿಬಿಡುತ್ತದೆ, ಹುಟ್ಟಿದಾಗಿನಿಂದ ಈ ಮುಖದಲ್ಲಿ ಒಂದು ಗುಟ್ಟು ನಿಂತದ್ದಿಲ್ಲ, ಇವತ್ತು ನಿಲ್ಲಬೇಕು. ಬೆಳಿಗ್ಗೆ ನನ್ನ ಕನ್ನಡಕದ ಅಂಗಡಿಯ ಬಾಗಿಲು ತೆಗೆದು ಇನ್ನೂ ದೀಪ ಹಾಕಿರಲಿಲ್ಲ, ಫೋನು, ತಮ್ಮನ ಹೆಂಡತಿ, ಅಕ್ಕಾ ಎಂದಳು, ಮತ್ತೆ ಅಕ್ಕಾ ಎಂದಳು, ಏನೇ ಅದು ಹೇಳೇ ಎಂದು ನಾನು ಗದರಿದ ಮೇಲೆ — ರಿಪೋರ್ಟ್ ಬಂತು ಅಕ್ಕಾ, ನರದ ಕಾಯಿಲೆಯಂತೆ, ಬೆರಳಿಂದ ಶುರುವಾಗಿ ಮೇಲಕ್ಕೆ ಹೋಗುತ್ತಂತೆ, ಕೈ, ಆಮೇಲೆ ಕಾಲು, ಆಮೇಲೆ ನುಂಗೋಕೂ ಆಗಲ್ವಂತೆ, ನಿಲ್ಲಿಸೋ ಔಷಧಿ ಇಲ್ಲ ಅಂತ ಡಾಕ್ಟರು ಇವರ ಮುಖಕ್ಕೇ ಹೇಳಿಬಿಟ್ರು, ಇವರು ಥ್ಯಾಂಕ್ಸ್ ಡಾಕ್ಟ್ರೇ ಅಂತ ಎದ್ದು ಬಂದ್ರು, ಮನೆಗೆ ಬಂದು ಅಕ್ಕಂಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಆಣೆ ಮುರಿದು ಹೇಳುತ್ತಿದ್ದಾಳೆ, ಪಾಪ. ಇವತ್ತು ನಿಮ್ಮನ್ನ ಸೈಕಲ್ ಆರಿಸೋಕೆ ಕರ್ಕೊಂಡು ಹೋಗ್ತಾರಲ್ಲ, ಹೇಗಾದ್ರೂ ಮಾಡಿ ಬೇಡ ಅನ್ನಿಸಿ ಅಕ್ಕಾ, ಬಿದ್ದು ಗಿದ್ದು ಮಾಡ್ಕೊಂಡ್ರೆ ಇರೋ ನಾಲ್ಕು ದಿನಾನೂ ಹಾಸಿಗೆ ಮೇಲೆ, ನಾನು ಹೇಳಿದ್ರೆ ಕಿರಿಕಿರಿ ಅಂತಾರೆ, ನಿಮ್ಮ ಮಾತಿಗೆ ಎದುರಾಡಲ್ಲ. ಆಯ್ತು ಕಣೇ, ನಾನು ನೋಡ್ಕೋತೀನಿ, ಎಂದೆ. ಎಂದುಬಿಟ್ಟೆ.

ಏನು ನೋಡಿಕೊಳ್ಳುತ್ತೀಯೆ ಮಹಾರಾಯ್ತಿ, ಇಲ್ಲಿ ರಬ್ಬರಿನ ವಾಸನೆಯ ನಡುವೆ ಕಂಬದ ಹಾಗೆ ನಿಂತು ತಲೆಯಾಡಿಸುತ್ತಿದ್ದೀಯೆ, ಅಂಗಡಿಯವನು ಮಾತಿನ ಮಲ್ಲ, ಒಂದು ಗಳಿಗೆ ಬಾಯಿ ಮುಚ್ಚುತ್ತಿಲ್ಲ — ರೇಸ್ ಸೈಕಲ್ ಬೇರೆ ಸರ್, ಅದು ಬೆನ್ನು ಬಗ್ಗಿಸಿ ಕೊಲ್ಲುತ್ತೆ, ಇದು ಎಂಡ್ಯೂರೆನ್ಸ್, ದೂರ ಹೋಗೋರಿಗೆ, ಹ್ಯಾಂಡಲ್ ಎತ್ತರ, ಟೈರ್ ದಪ್ಪ, ದಿನವಿಡೀ ಕೂತ್ರೂ ಸೊಂಟ ಹಿಡಿಯಲ್ಲ. ದೂರ ಹೋಗೋರಿಗೆ. ಹೌದಪ್ಪ, ದೂರ ಹೋಗುವವನೇ. ಚಳಿ ಕಳೆದ ಮೇಲೆ ನಾವಿಬ್ಬರೂ ಸಮುದ್ರದ ತನಕ ಹೋಗಿ ಬರುವುದೆಂದು ಹೋದ ವರ್ಷದಿಂದ ಹೇಳುತ್ತಿದ್ದಾನೆ, ಬೆಳಿಗ್ಗೆ ಹೊರಟು ಸಂಜೆಗೆ ಉಪ್ಪುನೀರಿನಲ್ಲಿ ಕಾಲು ಇಳಿಬಿಟ್ಟು ಕೂರೋದು ಅಕ್ಕಾ, ಮಾರನೇ ದಿನ ವಾಪಸ್ಸು, ನಿನ್ನ ಮಂಡಿ ನೋವಿನ ಪುರಾಣ ಬಿಟ್ಟು ಬರಬೇಕು ಅಷ್ಟೆ — ಅದಕ್ಕಾಗಿಯೇ ಈ ಹೊಸ ಸೈಕಲ್ಲು, ಅವನ ಹಳೆಯದು ಹಾದಿ ಸವೆದಷ್ಟೂ ಸವೆದಿದೆ, ಪೆಡಲು ತುಳಿದರೆ ಕೀರಲು ದನಿಯಲ್ಲಿ ಬೈಯುತ್ತದೆ. ಎದುರಿಗೆ ಎರಡು ನಿಲ್ಲಿಸಿದ್ದಾರೆ, ಕಪ್ಪನೆಯ ಕಾರ್ಬನ್ನು, ಹಸಿರು ಅಲ್ಯೂಮಿನಿಯಂ. ಬೆಲೆ ಹೆಚ್ಚು ಕಡಿಮೆ ಒಂದೇ. ಈ ಮಧ್ಯದ ಬೆಲೆಯಲ್ಲಿ ಎಲ್ಲಾ ಒಂದರಲ್ಲೇ ಸಿಗಲ್ಲ ಸರ್, ಹಗುರ ಫ್ರೇಮ್ ಬೇಕಂದ್ರೆ ಕೈಯಲ್ಲೇ ದೂಡೋ ಕೇಬಲ್ ಗೇರು, ಬಟನ್ ಒತ್ತಿದ್ರೆ ಬೀಳೋ ಬ್ಯಾಟರಿ ಗೇರು ಬೇಕಂದ್ರೆ ಅಲ್ಯೂಮಿನಿಯಂ, ಎರಡರಲ್ಲಿ ಒಂದು ಬಿಡಲೇಬೇಕು, ಫ್ರೇಮಿಗೆ ಮಾತ್ರ ಎರಡಕ್ಕೂ ಜೀವಮಾನದ ಗ್ಯಾರಂಟಿ. ಯಾರ ಜೀವಮಾನ ಎಂದು ಕೇಳಿದ ತಮ್ಮ. ಅಂಗಡಿಯವನು ನಗಲಿಲ್ಲ, ಕೊಂಡೋರದ್ದು ಸರ್, ಬೇರೆಯೋರಿಗೆ ಮಾರಿದ್ರೆ ಅನ್ವಯಿಸಲ್ಲ. ಆಹಾ, ಹಾಗಾದ್ರೆ ನಿಮ್ಮ ಕಂಪನಿಗೆ ನಷ್ಟ ಇಲ್ಲ ಬಿಡಿ ಎಂದು ತಮ್ಮ ನಕ್ಕ, ಜೋರಾಗಿ, ಆ ಕುದುರೆ ನಗು, ನಾನೂ ನಕ್ಕೆ, ನಗಲೇಬೇಕಲ್ಲ, ನನಗೇನೂ ಗೊತ್ತಿಲ್ಲವಲ್ಲ, ನಕ್ಕು ಗೋಡೆಯ ಮೇಲಿನ ಟೈರುಗಳ ಕಡೆ ತಿರುಗಿ ನಿಂತೆ, ಟೈರುಗಳು ನೀರಿನಲ್ಲಿ ಕಂಡಂತೆ ಕಂಡವು. ಎಂಥ ಮಾತಾಡುತ್ತಾನೆ ನೋಡು, ಹಾಳಾದವನು.

ಕಪ್ಪನೆಯದನ್ನೇ ತಗೋತಾನೆ, ಗೊತ್ತು ನನಗೆ. ಕನ್ನಡಕ ಮಾರಿ ಮಾರಿ ಇದೊಂದು ಕಲಿತಿದ್ದೇನೆ, ಒಳಗೆ ಬಂದವರು ಗಾಜಿನ ಪೆಟ್ಟಿಗೆಯಲ್ಲಿ ಮೊದಲು ಯಾವುದನ್ನು ನೋಡಿದರೋ ಕೊನೆಗೆ ಅದನ್ನೇ ಕೊಳ್ಳುವುದು, ನಡುವೆ ಹತ್ತಾರು ಹಾಕಿ ತೆಗೆದು ಕನ್ನಡಿಗೆ ಮೂತಿ ತಿರುಗಿಸುವುದೆಲ್ಲ ಬರೀ ನಾಟಕ. ಅವನ ಕಣ್ಣು ಮೊದಲು ಹೋದದ್ದು ಕಪ್ಪಗಿನದಕ್ಕೆ, ಎತ್ತಿ ನೋಡಿದ, ಬಲಗೈಯಲ್ಲಿ, ಅಕ್ಕಾ ಇದು ಗಾಳಿ, ಬರೀ ಗಾಳಿ ಎಂದ. ತೂಕದ ಹುಚ್ಚ. ನೀರಿನ ಬಾಟಲಿ ಹಿಡಿಯುವ ತಂತಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದವನು, ಹೆಂಡತಿಯ ಕೈಲಿ ಬೈಸಿಕೊಂಡವನು, ಬ್ಯಾಟರಿ ಗೇರು ಬಂದ ಹೊಸತರಲ್ಲಿ ಎಷ್ಟು ಲೇವಡಿ ಮಾಡಿದ್ದ, ಸೈಕಲ್ಲಿಗೆ ಚಾರ್ಜರ್ ಅಂತೆ ಅಕ್ಕಾ, ನಾಳೆ ಚಪ್ಪಲಿಗೂ ಬರುತ್ತೆ ನೋಡ್ತಿರು, ರಾತ್ರಿ ಮರೆತ್ರೆ ಬೆಳಿಗ್ಗೆ ಬರಿಗಾಲು. ಸ್ಟ್ಯಾಂಡಿಗೆ ಕಚ್ಚಿಸಿದ ಕಪ್ಪನೆಯದರ ಮೇಲೆ ಹತ್ತಿ ಕೂತ, ಕಾಲು ತುಳಿದ, ಬಲಗೈಯ ಗೇರು ಕಟ್ ಕಟ್ ಕಟ್, ಚೈನು ಹಿಂದೆ ಮೆಟ್ಟಿಲಿಳಿದ ಹಾಗೆ ಇಳಿಯಿತು, ಮುಖ ಅರಳಿತು. ಈಗ ಎಡಗೈ. ಎಡಗೈಯ ಗೇರು ಬಿಗಿ, ಯಾವ ಸೈಕಲ್ಲಿನಲ್ಲೂ ಬಿಗಿಯೇ, ಅದು ಚೈನನ್ನು ಹಲ್ಲಿನ ಸಣ್ಣ ಬಿಲ್ಲೆಯಿಂದ ದೊಡ್ಡ ಬಿಲ್ಲೆಗೆ ಎತ್ತಬೇಕು, ಬೆರಳುಗಳಿಂದ ಒಳಕ್ಕೆ ದೂರದವರೆಗೆ ದೂಡಬೇಕು. ದೂಡಿದ. ಚೈನು ಕರಕರ ಎಂದಿತು, ಹತ್ತಲು ನೋಡಿತು, ಜಾರಿ ಮತ್ತೆ ಕೆಳಗೇ ಬಿತ್ತು. ಇನ್ನೊಮ್ಮೆ. ಕರಕರ. ಕತ್ತಿನ ನರ ಉಬ್ಬಿತು, ಇಷ್ಟೇ ಇಷ್ಟು ಒಂದು ಸನ್ನೆಗೋಲಿಗೆ ಭುಜವೆಲ್ಲ ಸೇರಿಸಿ ದೂಡುತ್ತಿದ್ದಾನೆ — ನಿಮ್ಮ ಕೇಬಲ್ ಬಿಗಿಯಾಗಿದೆಯಲ್ರೀ, ಎಂದ. ಅಂಗಡಿಯವನು ಬಗ್ಗಿ ಒಂದೇ ಬೆರಳಲ್ಲಿ ದೂಡಿದ, ಕಟ್, ಚೈನು ಮೇಲೆ ಹತ್ತಿ ಕೂತಿತು. ಸರಿಯಾಗೇ ಇದೆಯಲ್ಲ ಸರ್. ಅಂಗಡಿಯವನೇ, ನಿನ್ನ ಬೆರಳು ಮುರಿದು ಹೋಗಲಿ — ಇಲ್ಲ ಇಲ್ಲ, ಹಾಗನ್ನಬಾರದು, ಯಾರ ಬೆರಳಿಗೂ ಏನೂ ಆಗದಿರಲಿ, ಯಾರದ್ದಕ್ಕೂ. ತಮ್ಮ ತನ್ನ ಕೈ ನೋಡಿಕೊಳ್ಳಲಿಲ್ಲ. ಹಸಿರಿನದರ ಕಡೆ ನೋಡಿದ. ಆ ಬ್ಯಾಟರಿಯದ್ದು ಹೇಗೆ ಎಂದು ಕೇಳಿದ, ಸುಮ್ಮನೆ ಹವಾಮಾನ ಕೇಳಿದಂತೆ.

ಫೋನಿನಲ್ಲಿ ಅವಳು ಅಷ್ಟೆಲ್ಲ ಹೇಳಿದಾಗಲೂ ನಾನು ನಂಬಿರಲಿಲ್ಲವೇನೋ, ಡಾಕ್ಟರು ಏನೋ ಹೇಳುತ್ತಾರೆ, ಅವರಿಗೇನು, ಇನ್ನೊಬ್ಬರಿಗೆ ತೋರಿಸಿದರಾಯಿತು ಎಂದುಕೊಂಡೇ ಅರ್ಧ ದಿನ ಕನ್ನಡಕ ಮಾರಿದ್ದೆ — ಇವನು ಬ್ಯಾಟರಿ ಗೇರು ಕೇಳಿದನಲ್ಲ, ನನ್ನ ತಮ್ಮ, ಚಪ್ಪಲಿಗೆ ಚಾರ್ಜರು ಎಂದವನು, ಆಗ ನಂಬಿದೆ. ಬೆರಳು ತಾಗಿಸಿದ್ರೆ ಸಾಕು ಸರ್, ಮಗು ಕೂಡ ಹಾಕುತ್ತೆ, ಬ್ರೇಕೂ ಎಣ್ಣೆ ಬ್ರೇಕು, ಮೆತ್ತಗೆ ಹಿಡಿದ್ರೆ ಗಟ್ಟಿಯಾಗಿ ಕಚ್ಚುತ್ತೆ. ಎಡಗಡೆ ಬಟನ್ ಬಲಗಡೆಗೇ ಹಾಕೋಕಾಗುತ್ತಾ. ಆಗುತ್ತೆ ಸರ್, ಎಲ್ಲಾ ಬಲಗೈಗೇ ಹಾಕಿಕೊಡ್ತೀನಿ, ಯಾಕೆ ಸರ್. ಬಲಗೈಗೆ ಕೆಲಸ ಸಾಲದು, ಸೋಮಾರಿ ಅದು, ಎಂದ ತಮ್ಮ. ಸೋಮಾರಿಯಂತೆ. ದಿನವಿಡೀ ಕತ್ತರಿ ಆಡಿಸುವ ಕೈ. ಅವನದು ಕ್ಷೌರದಂಗಡಿ, ಎರಡು ಕುರ್ಚಿ, ಉದ್ದ ಕನ್ನಡಿ, ಕತ್ತರಿ ಬಲಗೈಯಲ್ಲಿ ಬಾಚಣಿಗೆ ಎಡಗೈಯಲ್ಲಿ, ಬಾಚಣಿಗೆ ಎತ್ತಿ ಹಿಡಿದಷ್ಟು ಕೂದಲು ಕತ್ತರಿಗೆ — ಹೋದ ಸಲ ನನ್ನ ಕೂದಲು ಕತ್ತರಿಸುವಾಗ ಬಾಚಣಿಗೆ ಬಿತ್ತು, ಮತ್ತೆ ಬಿತ್ತು, ಏನೋ ಇದು ಕೈಗೆ ಬೆಣ್ಣೆ ಹಚ್ಚಿಕೊಂಡಿದ್ದೀಯಾ ಎಂದೆ ನಾನು, ಬೆವರು ಅಕ್ಕಾ ಎಂದ, ಎಲ್ಲಿಯ ಬೆವರು, ಚಳಿಗೆ ನಾನೇ ಶಾಲು ಹೊದ್ದು ಕೂತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಳ್ಳುತ್ತಿದ್ದೆ, ಕಿವಿಯ ಹತ್ತಿರ ಇನ್ನೂ ಸ್ವಲ್ಪ ತೆಗಿ ಎನ್ನುತ್ತಿದ್ದೆ.

ಅದಕ್ಕೂ ಮೊದಲು ನದಿ ದಂಡೆಯ ರಸ್ತೆಯಲ್ಲಿ. ರಜೆಯ ಬೆಳಿಗ್ಗೆ, ನಾವಿಬ್ಬರೂ ಯಾವಾಗಿನಂತೆ, ಅವನು ಮುಂದೆ ನಾನು ಹಿಂದೆ, ಇಷ್ಟು ವರ್ಷವೂ ಅದೇ ಪದ್ಧತಿ, ಗಾಳಿಯೆಲ್ಲ ಅವನ ಎದೆಗೆ, ಅವನ ಬೆನ್ನಿನ ಮರೆಯಲ್ಲಿ ನನಗೆ ಸುಖ, ಅವನ ಹಿಂದಿನ ಟೈರಿಗೂ ನನ್ನ ಮುಂದಿನ ಟೈರಿಗೂ ನಡುವೆ ಒಂದು ಗೇಣು. ಅಷ್ಟು ಹತ್ತಿರ ಹೋದರೆ ರಸ್ತೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ, ಮುಂದಿನವನ ಕೈ ನೋಡಿದರೆ ಸಾಕು — ಎಡಗೈ ಕೆಳಗಿಳಿದು ಬೆರಳು ನೆಲ ತೋರಿಸಿದರೆ ಎಡಕ್ಕೆ ಗುಂಡಿ, ಬಲಕ್ಕೆ ಸರಿ, ಅಂಗೈ ಹಿಂದಕ್ಕೆ ತೋರಿಸಿದರೆ ನಿಧಾನ, ಬೆನ್ನ ಹಿಂದೆ ಕೈ ಬೀಸಿದರೆ ನಿಂತ ಗಾಡಿ ಇದೆ ಆಚೆ ಹೋಗು. ಪ್ರಶ್ನೆ ಕೇಳುವಂತಿಲ್ಲ, ನಿಜವಾ ಎಂದು ಇಣುಕಿ ನೋಡುವಂತಿಲ್ಲ, ಇಣುಕುವಷ್ಟರಲ್ಲಿ ಬಿದ್ದಿರುತ್ತೀಯೆ, ಕೈ ಇಳಿಯಿತೋ ಸರಿಯಬೇಕು, ಸರಿದು ನಿನ್ನ ಹಿಂದಿನವರಿಗೆ ನೀನೂ ಕೈ ತೋರಿಸಬೇಕು, ಗುಂಪಿನಲ್ಲಿ ಹೋಗುವಾಗ ಕಲಿತದ್ದು, ಇಬ್ಬರೇ ಇದ್ದಾಗಲೂ ಬಿಡಲಿಲ್ಲ. ಮನೆಯಲ್ಲಿ ಅವನ ಒಂದು ಮಾತನ್ನೂ ನಾನು ಸುಲಭಕ್ಕೆ ಒಪ್ಪಿದವಳಲ್ಲ, ಅವನು ಹೌದೆಂದರೆ ನಾನು ಅಲ್ಲ, ಆದರೆ ರಸ್ತೆಯಲ್ಲಿ ಆ ಕೈ ಹೇಳಿದ್ದನ್ನು ಒಮ್ಮೆಯೂ ಮೀರಲಿಲ್ಲ. ಆವತ್ತು ಕೈ ಇಳಿಯಿತು, ಎಡಗೈ, ಬೆರಳು ನೆಲಕ್ಕೆ, ನಾನು ಬಲಕ್ಕೆ ಸರಿದೆ, ದಾಟುವಾಗ ಕಣ್ಣು ಹೋಯಿತು — ಗುಂಡಿಯಿಲ್ಲ. ಒಂದು ಬಿರುಕು ಕೂಡ ಇಲ್ಲ. ಕೈ ಇನ್ನೂ ಇಳಿದೇ ಇತ್ತು, ಗಾಳಿಗೆ ಸ್ವಲ್ಪ ಅಲ್ಲಾಡುತ್ತಿತ್ತು. ಎಲ್ಲೋ ಗುಂಡಿ, ತಮಾಷೆನಾ, ಎಂದು ಹಿಂದಿನಿಂದ ಕೂಗಿದೆ, ನಿದ್ದೆ ಮಾಡ್ತಿದ್ದೀಯೇನೋ ಅಂತ ನೋಡ್ದೆ ಅಕ್ಕಾ, ಎಂದ, ಕೈಯನ್ನು ಎತ್ತಿ ಹ್ಯಾಂಡಲ್ಲಿನ ಮೇಲೆ ಇಟ್ಟುಕೊಂಡ, ಇಟ್ಟುಕೊಂಡದ್ದು ಇನ್ನೊಂದು ಕೈಯಿಂದ, ಬಲಗೈಯಿಂದ ಎಡಗೈಯನ್ನು ಎತ್ತಿ, ನಾನು ಅದನ್ನು ನೋಡಿದೆ, ನೋಡಿಯೂ ಏನೂ ಅಂದುಕೊಳ್ಳಲಿಲ್ಲ, ಮನೆಗೆ ಬಂದು ಎಲ್ಲರೆದುರು ನಿನ್ನ ಗಂಡನಿಗೆ ಅರಳು ಮರಳು ಕಣೇ, ಇಲ್ಲದ ಗುಂಡಿ ತೋರಿಸ್ತಾನೆ ಎಂದು ನಗಾಡಿದೆ. ಅವಳು ನಗಲಿಲ್ಲ. ಅವಳಿಗೆ ಆಗಲೇ ಅನುಮಾನ ಬಂದಿತ್ತೇನೋ.

ಅಕ್ಕಾ. ಅಕ್ಕಾ, ಎಲ್ಲಿದ್ದೀಯ, ಯಾವುದು ಹೇಳು ಮತ್ತೆ. ಕೇಳುತ್ತಿದ್ದಾನೆ. ಹಸಿರಿನದರ ಸೀಟಿನ ಮೇಲೆ ಬಲಗೈ ಇಟ್ಟು ನನ್ನ ಮುಖವನ್ನೇ ನೋಡುತ್ತಿದ್ದಾನೆ. ಇದೇ ಹೊತ್ತು, ಹೇಳು, ನಾಲಿಗೆ ತುದಿಯಲ್ಲೇ ಇದೆ — ಯಾಕೋ ಈಗ ಹೊಸದು, ಹಳೆಯದನ್ನೇ ರಿಪೇರಿ ಮಾಡಿಸು, ನನ್ನ ಮಂಡಿ ಬೇರೆ ಸರಿಯಿಲ್ಲ, ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ನೋಡೋಣ — ಮುಂದಿನ ವರ್ಷ! ಯಾವ ಬಾಯಲ್ಲಿ ಹೇಳಲಿ. ಹೇಳಿದರೆ ಒಪ್ಪಿಬಿಡುತ್ತಾನೆ, ಅದೇ ಭಯ, ಆಯ್ತಕ್ಕಾ ಎಂದು ಸೀಟಿನಿಂದ ಕೈ ತೆಗೆದು ನನ್ನನ್ನು ಚಹಾ ಕುಡಿಯಲು ಕರೆದುಕೊಂಡು ಹೋಗುತ್ತಾನೆ, ದಾರಿಯುದ್ದಕ್ಕೂ ತಮಾಷೆ ಮಾಡುತ್ತಾನೆ, ಆಮೇಲೆ ಮನೆಗೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ, ಕೂತವನು ಏಳುವುದಿಲ್ಲ. ಹೇಳದಿದ್ದರೆ ಬೀಳುತ್ತಾನೆ. ಬಿದ್ದೇ ಬೀಳುತ್ತಾನೆ, ಒಂದು ಕೈಯಲ್ಲಿ ಎಷ್ಟು ದಿನ, ಇಳಿಜಾರಿನಲ್ಲಿ, ತಿರುವಿನಲ್ಲಿ, ಎದುರಿಗೆ ಲಾರಿ ಬಂದರೆ — ಬೆಳಿಗ್ಗೆ ಅವಳಿಗೆ ಆಯ್ತು ಎಂದಿದ್ದೇನೆ, ಅವಳು ನನ್ನನ್ನು ನಂಬಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು ನಿಂತಿದ್ದಾಳೆ, ಬಿದ್ದರೆ ಅವಳ ಮುಖ ಹೇಗೆ ನೋಡಲಿ. ದೇವರೇ, ಇವರಿಬ್ಬರ ನಡುವೆ ನನ್ನನ್ನು ಯಾಕೆ ತಂದು ನಿಲ್ಲಿಸಿದೆ. ಯಾಕೆ ಅವನಿಗೆ, ನನಗೆ ಬರಬಾರದಿತ್ತೇ ಆ ಕಾಯಿಲೆ, ನಾನು ದೊಡ್ಡವಳು, ಮೊದಲು ಬಂದವಳು ಮೊದಲು ಹೋಗಬೇಕಾದದ್ದು ನ್ಯಾಯ. ಸುಮ್ನೆ ನಿಲ್ಲಿಸಿ ನೋಡಿದ್ರೆ ಏನು ಗೊತ್ತಾಗುತ್ತೋ, ಓಡಿಸಿ ನೋಡು ಮೊದಲು, ಎಂದೆ ನಾನು. ಬೇಡ ಎನ್ನಲು ಹೊರಟ ಬಾಯಿ ಅದನ್ನು ಹೇಳಿತು. ಅವನ ಮುಖ ಅರಳಿದ್ದು ನೋಡಿ ಇನ್ನಷ್ಟು ಸಂಕಟವಾಯಿತು.

ಅಂಗಡಿಯ ಹಿಂದಿನ ರಸ್ತೆ, ಗೋದಾಮುಗಳ ನಡುವೆ ನೆಟ್ಟಗೆ ಹೋಗುತ್ತದೆ, ಹೋದ ವಾರ ಟಾರು ಹಾಕಿದ್ದಾರೆ, ಇನ್ನೂ ವಾಸನೆ ಆರಿಲ್ಲ, ಬಿಳಿ ಗೆರೆ ಕೂಡ ಎಳೆದಿಲ್ಲ. ಅವನು ಹಸಿರಿನದರ ಮೇಲೆ, ನಾನು ತುಳಿದುಕೊಂಡು ಬಂದಿದ್ದ ನನ್ನ ಹಳೆಯದರ ಮೇಲೆ, ಅವನು ಮುಂದೆ ನಾನು ಹಿಂದೆ. ಮೊದಲ ಹತ್ತು ಮಾರು ತೂರಾಡಿದ, ಆಮೇಲೆ ಬೆನ್ನು ನೆಟ್ಟಗಾಯಿತು, ಎತ್ತರದ ಹ್ಯಾಂಡಲ್ಲು, ಹೌದು, ಅಂಗಡಿಯವನು ಹೇಳಿದ್ದು ಸರಿ, ಚೆನ್ನಾಗಿ ಕೂರುತ್ತದೆ ಅವನಿಗೆ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ, ಭುಜ ಸಡಿಲವಾಗಿದೆ, ಕತ್ತು ಹಗುರವಾಗಿದೆ, ಝ್ ಎಂದು ಸಣ್ಣ ಸದ್ದು, ಗೇರು ಬಿತ್ತು, ಇನ್ನೊಂದು ಝ್, ವೇಗ ಏರಿತು — ನೋಡಿದ್ಯಾ ಅಕ್ಕಾ, ಹೇಳದೇ ಕೇಳದೇ ಬೀಳುತ್ತೆ, ಎಂದು ಹಿಂದೆ ತಿರುಗದೆ ಕೂಗುತ್ತಾನೆ, ನಾನು ಅವನ ಬೆನ್ನಿನ ಮರೆಗೆ ಸೇರಿಕೊಂಡೆ, ಗಾಳಿ ನಿಂತಿತು, ಮಂಡಿ ನೋವು ನಿಂತಿತು, ಒಂದು ಗಳಿಗೆ ಬೆಳಗಿನ ಫೋನು ಬಂದೇ ಇರಲಿಲ್ಲ. ಆಗ ಕೈ ಇಳಿಯಿತು. ಎಡಗೈ, ಹ್ಯಾಂಡಲ್ಲಿನಿಂದ ಜಾರಿ, ಪಕ್ಕಕ್ಕೆ, ಬೆರಳು ನೆಲಕ್ಕೆ. ರಸ್ತೆ ಕಪ್ಪಗೆ, ಸಪಾಟಾಗಿ, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಬಿದ್ದಿದೆ, ಒಂದು ಕಲ್ಲಿಲ್ಲ, ನನಗೆ ಗೊತ್ತು, ಗೊತ್ತಿದ್ದೂ ನಾನು ಬಲಕ್ಕೆ ಸರಿದೆ, ಸುತ್ತಿಕೊಂಡು ದಾಟಿದೆ, ನನ್ನ ಎಡಗೈಯೂ ತಾನಾಗಿ ಕೆಳಗಿಳಿದು ಬೆರಳು ನೆಲ ತೋರಿಸಿತು, ನನ್ನ ಹಿಂದೆ ಯಾರೂ ಇಲ್ಲದಿದ್ದರೂ, ಗುಂಡಿ ಎಂದು ಕೂಗಿದೆ ಕೂಡ, ಎಷ್ಟು ಜೋರಾಗಿ ಕೂಗಿದೆನೆಂದರೆ ಗೋದಾಮಿನ ಗೋಡೆ ಅದನ್ನು ವಾಪಸ್ಸು ಕೊಟ್ಟಿತು. ಅವನ ಕಾಲು ನಿಂತಿತು. ಪೆಡಲು ತುಳಿಯದೆ ಸುಮ್ಮನೆ ಹೋಗುತ್ತಿದ್ದಾನೆ, ಟಿಕ್ ಟಿಕ್ ಸದ್ದು, ತಿರುಗಿ ನೋಡುತ್ತಿಲ್ಲ, ಅವನಿಗೆ ಗೊತ್ತಾಯಿತು, ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು, ಬೆನ್ನಿನಲ್ಲೇ ಗೊತ್ತಾಗುತ್ತದೆ. ದೊಡ್ಡದಾ ಅಕ್ಕಾ, ಎಂದು ಕೇಳಿದ, ಮೆಲ್ಲಗೆ. ದೊಡ್ಡದೇ ಕಣೋ, ಎಂದೆ. ದಾಟಿದ್ಯಾ. ದಾಟಿದೆ, ನೀನು ನಡಿ, ನಾನು ಹಿಂದೇನೇ ಇದ್ದೀನಿ. ತಗೊಳ್ಳಲಾ ಮತ್ತೆ ಇದನ್ನ. ತಗೋ ಎಂದೆ, ತಗೊಳ್ಳೋ, ಸಮುದ್ರಕ್ಕೆ ಚಳಿ ಕಳೆಯೋ ತನಕ ಯಾಕೆ ಕಾಯೋದು, ಮುಂದಿನ ವಾರನೇ ಹೋಗೋಣ — ಅವಳಿಗೆ ಏನು ಹೇಳಲಿ, ಏನಾದರೂ ಹೇಳುತ್ತೇನೆ, ಬೈಯಲಿ, ಅವಳ ಕಾಲು ಹಿಡಿಯುತ್ತೇನೆ — ಅವನು ತಲೆಯಾಡಿಸಿದ, ಮತ್ತೆ ತುಳಿಯತೊಡಗಿದ, ಝ್, ಗೇರು, ಕೈ ಮಾತ್ರ ಎತ್ತಿಕೊಳ್ಳಲಿಲ್ಲ, ಈ ಸಲ ಬಲಗೈ ಬಂದು ಅದನ್ನು ಎತ್ತಿ ಇಡಲಿಲ್ಲ, ಬಚ್ಚಿಡಲಿಲ್ಲ, ಅದು ಹಾಗೇ ಇಳಿದಿದೆ, ಗಾಳಿಗೆ ಸ್ವಲ್ಪ ಅಲ್ಲಾಡುತ್ತಾ, ರಸ್ತೆ ಸಪಾಟಾಗಿದೆ, ನಾನು ಬಲಕ್ಕೆ ಸರಿಯುತ್ತೇನೆ, ಕೈ ಹಾಗೇ ಇದೆ, ಮತ್ತೆ ಸರಿಯುತ್ತೇನೆ, ಎಡಗೈ, ಬೆರಳು ನೆಲಕ್ಕೆ, ಬೆರಳು ನೆಲಕ್ಕೆ